ಟವೆಲ್ ಅಡಿಯ ಜೋಮು

ಜನವರಿ 12, 1983

ಬೆಂಗಳೂರಿನಿಂದ ರೈಲಿನಲ್ಲಿ ಬಂದು ಕಡೂರಿನಲ್ಲಿ ಇಳಿದು, ಬಸ್ಸು ಹಿಡಿದು ಹಿರೇನಲ್ಲೂರಿಗೆ ಬಂದೆ. ಮೂರನೆಯ ಸಲದ ಇಂಜೆಕ್ಷನ್ನೂ ಮುಗಿಯಿತು. ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟಿದ್ದ ಗಂಟು ಈಗ ಹುಣಸೆ ಬೀಜದಷ್ಟಾಗಿದೆ. ಕ್ಯಾನ್ಸರ್ ಎಂದು ತಿಳಿದ ಕೂಡಲೇ ಅರ್ಧ ಊರು ಬಾಳೆಹಣ್ಣು ಹಿಡಿದು ನನ್ನನ್ನು ಕೊನೆಯ ಸಲ ನೋಡಲು ಬಂದಿತ್ತು. ಹಣ್ಣನ್ನೆಲ್ಲ ನಾನೇ ತಿಂದೆ. ಆಸ್ಪತ್ರೆಯ ಆ ವಾರ್ಡಿನಲ್ಲಿ ವಾಂತಿ ಮಾಡದವನು ನಾನೊಬ್ಬನೇ. ಒಂದು ಸಲ ಮಾಡಿದೆ, ಅದು ಉಪ್ಪಿಟ್ಟಿನ ತಪ್ಪು.

ಡಾಕ್ಟರಮ್ಮ ಕೇಳಿದರು, "ಬೆರಳಲ್ಲಿ, ಪಾದದಲ್ಲಿ ಜೋಮು ಏನಾದ್ರೂ ಇದ್ಯಾ ಯಜಮಾನ್ರೇ? ಇದ್ರೆ ಹೇಳ್ಬೇಕು. ಇದರಲ್ಲಿ ಒಂದು ಔಷಧಿ ನರಕ್ಕೆ ಆಗಲ್ಲ. ಅದನ್ನ ಕಮ್ಮಿ ಮಾಡ್ತೀವಿ."

"ಜೋಮಾ? ನಮ್ಮ ವಂಶದಲ್ಲೇ ಇಲ್ಲ ತಾಯಿ" ಎಂದೆ.

ಬೆರಳ ತುದಿಯಲ್ಲಿ ಇರುವೆ ಹರಿದ ಹಾಗಾಗುವುದು ನಿಜ. ಅಂಗಾಲು ಹತ್ತಿಯ ಮೇಲೆ ಇಟ್ಟ ಹಾಗಿರುವುದೂ ನಿಜ. ಅಷ್ಟಕ್ಕೆ ಔಷಧಿ ಕಮ್ಮಿ ಮಾಡಿಸಿಕೊಂಡರೆ ಅರ್ಧ ಉತ್ತು ಬಿಟ್ಟ ಹೊಲದಂತಾದೀತು. ಜೋಮು ಕೈ ಕೊಡವಿದರೆ ಹೋಗುತ್ತದೆ.

ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಹಳ್ಳಿ ಸ್ಕೂಲಿನಲ್ಲಿ ಎಲ್.ಎಸ್. ಪರೀಕ್ಷೆ ಪಾಸಾದವನು, ನಾಲ್ಕು ಅಕ್ಷರ ಬರೆಯೋಣ ಎಂದು ಕುಳಿತೆ. ಮೂರು ತಾಲ್ಲೂಕಿಗೆ ಹೆಸರಾದ ದನದ ದಲ್ಲಾಳಿ ಪಂಚಾಕ್ಷರಪ್ಪ ಎಂದರೆ ನಾನೇ. ಎಮ್ಮೆದೊಡ್ಡಿ ಕಾವಲಿನ ಕಡೆಯ ಹೋರಿಯಾದರೆ ಬಾಲ ನೋಡಿ ಹಲ್ಲೆಷ್ಟು ಎಂದು ಹೇಳುತ್ತೇನೆ.

ಜನವರಿ 21

ಕಡೂರು ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕುಳಿತು ದೋಸೆ ಹೇಳಿದೆ. ಸಪ್ಲೈಯರು ನನ್ನ ಕಾಲು ನೋಡಿ, "ಯಜಮಾನ್ರೇ, ಇನ್ನೊಂದೆಲ್ಲಿ?" ಎಂದ. ನೋಡಿದರೆ ಬಲಗಾಲಿನಲ್ಲಿ ಚಪ್ಪಲಿಯೇ ಇಲ್ಲ. ರಸ್ತೆಯ ಆಚೆ, ಬಸ್ಸಿನ ಚಕ್ರದ ಪಕ್ಕದಲ್ಲಿ ಒಂಟಿಯಾಗಿ ಕೂತಿದೆ. ಯಾವಾಗ ಜಾರಿತೋ ಕಾಲಿಗೆ ತಿಳಿಯಲೇ ಇಲ್ಲ.

"ಹರಕೆ ಕಣಪ್ಪಾ. ಒಂದು ಕಾಲು ಬರಿಗಾಲು" ಎಂದೆ.

ಅವನು ಕೈ ಮುಗಿದ. ಚಟ್ನಿಯನ್ನೂ ಎರಡು ಸಲ ಹಾಕಿದ.

ಫೆಬ್ರವರಿ 2

ಅಂಗಿಯ ಗುಂಡಿ ಹಾಕಲು ಬರುವುದಿಲ್ಲ. ಗುಂಡಿ ಹಿಡಿದಿದ್ದೇನೆ ಎಂದುಕೊಂಡಿರುತ್ತೇನೆ, ನೋಡಿದರೆ ಬರೀ ಬಟ್ಟೆ ಹಿಡಿದಿರುತ್ತೇನೆ. ಎದೆ ಬಿಚ್ಚಿಕೊಂಡೇ ಪೇಟೆ ಸುತ್ತಿದೆ. ಯಾರೋ ಕೇಳಿದ್ದಕ್ಕೆ ಇದು ಈಗಿನ ಶೋಕಿ ಎಂದೆ. ಸಂಜೆ ನೋಡಿದರೆ ಕಿರಾಣಿ ಅಂಗಡಿಯವನೂ ಎರಡು ಗುಂಡಿ ಬಿಚ್ಚಿದ್ದ. ನಾನು ಮಾಡಿದ್ದೇ ಫ್ಯಾಷನ್ನು.

ಮಲಗಿದರೆ ಮಾತ್ರ ಅಂಗಾಲಿಗೆ ಮೆಣಸಿನಕಾಯಿ ಅರೆದು ಮೆತ್ತಿದ ಹಾಗೆ ಉರಿಯುತ್ತದೆ. ಮುಟ್ಟಿದರೆ ಮರಗಟ್ಟಿದೆ, ಮುಟ್ಟದಿದ್ದರೆ ಉರಿಯುತ್ತದೆ. ಇಂಥ ತಲೆಹರಟೆ ಕಾಲನ್ನು ನಾನು ನೋಡಿಲ್ಲ.

ಫೆಬ್ರವರಿ 6

ಪೂಜೆಗೆ ಕುಳಿತು ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡೆ. ಕಣ್ಣು ಮುಚ್ಚಿದರೆ ಅಂಗೈ ಮೇಲೆ ಲಿಂಗ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಮತ್ತೆ ಮತ್ತೆ ಕಣ್ಣು ತೆರೆದು ನೋಡಿದೆ. ಇತ್ತು.

ಇದನ್ನು ಯಾರಿಗೂ ಹೇಳಲಿಲ್ಲ.

ಫೆಬ್ರವರಿ 11

ತರೀಕೆರೆ ಸಂತೆ. ಏನು ಬರೆಯಲಿ.

ನನ್ನ ಹೆಂಡತಿ ತೀರ್ಥಮ್ಮನ ತಮ್ಮ ಕಲ್ಲೇಶಪ್ಪ ಅಜ್ಜಂಪುರದಿಂದ ತನ್ನ ಎತ್ತಿನ ಜೋಡಿ ಹೊಡೆದುಕೊಂಡು ಬಂದಿದ್ದ. ಕೊಂಬಿಗೆ ಎಣ್ಣೆ ಸವರಿದ್ದ. ಮಾರಲು ಮನಸ್ಸಿಲ್ಲ, ಮಾರದೆ ವಿಧಿಯಿಲ್ಲ. "ಭಾವಾ, ನಿಮ್ಮ ಕೈಗೆ ಕೊಟ್ಟಿದೀನಿ" ಎಂದು ಹಗ್ಗ ನನಗೆ ಕೊಟ್ಟ. ಕೊಳ್ಳುವವರು ಚೌಳಹಿರಿಯೂರಿನ ಕಡೆಯವರು. ಅವರ ಪರವಾಗಿ ನಿಂತ ದಲ್ಲಾಳಿ ಜವರಯ್ಯ. ಇಪ್ಪತ್ತು ವರ್ಷದಿಂದ ನನಗೂ ಅವನಿಗೂ ಎಣ್ಣೆ ಸೀಗೇಕಾಯಿ.

ನಮ್ಮ ವ್ಯಾಪಾರದಲ್ಲಿ ಸಾವಿರದ ಮಾತು ಬಾಯಲ್ಲೇ ಆಗುತ್ತದೆ. ಅದರ ಮೇಲಿನ ನೂರುಗಳನ್ನು ಟವೆಲ್ ಕೆಳಗೆ ಕೈಗಳೇ ಮಾತಾಡಿಕೊಳ್ಳುತ್ತವೆ. ಎಷ್ಟು ಬೆರಳು ಹಿಡಿದರೆ ಅಷ್ಟು ನೂರು. ಸುತ್ತ ಜನ ನಿಂತಿದ್ದರೂ ಗುಟ್ಟು ಎರಡು ಕೈಗಷ್ಟೇ ಗೊತ್ತು. ಟವೆಲ್ ತೆಗೆದು ಕೈ ಮೇಲೆ ಕೈ ತಟ್ಟಿದರೆ ಮುಗಿಯಿತು. ಬ್ರಹ್ಮ ಬಂದರೂ ಅದು ಬದಲಾಗದು.

ಜವರಯ್ಯ ನನ್ನ ಬೆರಳು ಹಿಡಿದ. ಎಷ್ಟು ಹಿಡಿದ? ಕೈಯೆಲ್ಲ ಒಂದೇ ಮುದ್ದೆಯಾದಂತಿತ್ತು. ನಾಲ್ಕು ಎನ್ನಿಸಿತು. ಇನ್ನೊಂದು ಸಲ ಹಿಡಿ ಎನ್ನಬಹುದಿತ್ತು. ಪಂಚಾಕ್ಷರಪ್ಪ ಎರಡು ಸಲ ಹಿಡಿಸಿಕೊಂಡ ಎಂದು ಸಂತೆಯೆಲ್ಲ ಆಡಿಕೊಳ್ಳುತ್ತಿತ್ತು. ನಗುತ್ತಾ ಕೈ ತಟ್ಟಿದೆ.

ಸಾವಿರದ ಮೇಲೆ ಅವರು ಕೊಟ್ಟಿದ್ದು ಎರಡೇ ನೂರು.

"ನಾನು ಹಿಡಿದದ್ದೇ ಎರಡು ಕಣಯ್ಯಾ, ನಿಮ್ಮಪ್ಪನಾಣೆ" ಎಂದ ಜವರಯ್ಯ.

ಎತ್ತುಗಳು ತಿರುಗಿ ನೋಡುತ್ತಾ ಹೋದವು. ಕಲ್ಲೇಶ ನನ್ನನ್ನು ಮಾತ್ರ ನೋಡುತ್ತಾ ನಿಂತ.

ಫೆಬ್ರವರಿ 12

ಕಲ್ಲೇಶ ಬೆಳಿಗ್ಗೆಯೇ ಮನೆಗೆ ಬಂದ. ಕಾಫಿ ಮುಟ್ಟಲಿಲ್ಲ.

"ಭಾವಾ, ನಾಲ್ಕಕ್ಕೆ ಕಮ್ಮಿ ಕೈ ತಟ್ಟಬ್ಯಾಡಿ ಅಂದಿದ್ದೆ. ನಗ್ತಾ ನಗ್ತಾ ತಟ್ಬಿಟ್ರಿ. ಮಿಕ್ಕಿದ್ದನ್ನ ನೀವೂ ಜವರಯ್ಯನೂ ಹಂಚ್ಕೊಂಡ್ರಿ ಅಂತ ಸಂತೇಲಿ ಮಾತಾಡ್ತಾವ್ರೆ."

"ನೀನೇನಂತೀಯೋ?"

"ನೀವೇ ಹೇಳಿ. ಯಾಕೆ ತಟ್ಟಿದ್ರಿ?"

ಹೇಳಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂತು. "ವ್ಯಾಪಾರ ಅಂದ್ಮೇಲೆ ಏಳುಬೀಳು ಇರುತ್ತೆ ಕಣೋ" ಎಂದುಬಿಟ್ಟೆ.

ಅವನು ಎದ್ದು ಹೋದ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ತೀರ್ಥಮ್ಮ ಊಟಕ್ಕೆ ಬಡಿಸಿದಳು, ಮಾತಾಡಲಿಲ್ಲ. ಶೋಕಿ ಸಾಕೆಂದು ಈಚೆಗೆ ಅವಳೇ ಹಾಕುತ್ತಿದ್ದ ಅಂಗಿಯ ಗುಂಡಿಯನ್ನೂ ಹಾಕಲಿಲ್ಲ.

ಫೆಬ್ರವರಿ 15

ತೀರ್ಥಮ್ಮ ಇವತ್ತೂ ನನ್ನ ಜೊತೆ ಮಾತಿಲ್ಲ. ಬೆಕ್ಕಿನ ಜೊತೆ ಮಾತಾಡುತ್ತಾಳೆ. "ನೋಡು ಮರೀ, ಮನೆಯವರಿಗೆ ಮೋಸ ಮಾಡಿ ತಿಂದ ಅನ್ನ ಜೀರ್ಣ ಆಗಲ್ಲ." ಬೆಕ್ಕು ನನ್ನ ಕಡೆ ನೋಡಿತು.

ಯೋಚನೆ ಮಾಡಿದೆ. ಕಳ್ಳ ಎಂದರೆ ಕಳ್ಳ ಎನ್ನಲಿ. ಕಳ್ಳ ದಲ್ಲಾಳಿಯ ಹತ್ತಿರ ಜನ ನಾಳೆಯೂ ಬರುತ್ತಾರೆ, ಚುರುಕಾಗಿದ್ದಾನೆ ಎಂದು. ಬೆರಳು ಸತ್ತ ದಲ್ಲಾಳಿಯ ಹತ್ತಿರ ಯಾರು ಬರುತ್ತಾರೆ?

ಫೆಬ್ರವರಿ 19

ನರಕ್ಕೆ ಇಟ್ಟಿಗೆ ಶಾಖ ಒಳ್ಳೆಯದೆಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ತೀರ್ಥಮ್ಮ ನೀರಿಗೆ ಹೋದ ಹೊತ್ತು ನೋಡಿ, ಇಟ್ಟಿಗೆಯನ್ನು ಒಲೆಯಲ್ಲಿ ಕಾಯಿಸಿ, ಗೋಣಿತಾಟು ಸುತ್ತಿ, ಕಾಲಿಟ್ಟು ಕುಳಿತೆ. ಬೆಚ್ಚಗಾಗಲಿಲ್ಲ. ಇನ್ನೂ ಕಾಯಿಸಿದೆ. ಆಗಲೂ ಇಲ್ಲ. ತಾಟು ದಪ್ಪವಾಯಿತೆಂದು ಒಂದು ಸುತ್ತು ಬಿಚ್ಚಿದೆ.

ತೀರ್ಥಮ್ಮ ಕೊಡ ಹೊತ್ತು ಬಂದವಳೇ, "ಏನ್ರೀ ಇದು ಸುಟ್ಟ ವಾಸ್ನೆ?" ಎಂದಳು. ವಾರದ ನಂತರ ಆಡಿದ ಮೊದಲ ಮಾತು.

"ಏನಿಲ್ಲ, ಶಾಖ."

"ಕಾಲೆತ್ರೀ."

ಎತ್ತಿದೆ. ಹಿಮ್ಮಡಿಯ ಚರ್ಮ ತಾಟಿಗೆ ಅಂಟಿಕೊಂಡು ಬಂತು. ಅವಳ ಸೊಂಟದಿಂದ ಕೊಡ ಜಾರಿ ಬಿತ್ತು.

"ನೋವಾಗ್ತಿಲ್ವೇನ್ರೀ?"

"ಇಲ್ಲ ಕಣೇ. ನನ್ನ ತಡ್ಕೊಳ್ಳೋ ಶಕ್ತಿ ಅಂದ್ರೆ..."

"ಬಾಯ್ಮುಚ್ರೀ."

ನೆಲದ ಮೇಲೆ ಚೆಲ್ಲಿದ ನೀರಿನಲ್ಲೇ ಕುಳಿತಳು. ನನ್ನ ಕೈ ಎಳೆದುಕೊಂಡು ಒಂದೊಂದೇ ಬೆರಳು ಚಿವುಟಿದಳು. ಮುಖ ನೋಡುತ್ತಾ ಚಿವುಟಿದಳು.

"ಅವತ್ತು ಟವೆಲ್ ಅಡೀಲೂ ಹಿಂಗೇನಾ?"

ಕೈ ಎಳೆದುಕೊಳ್ಳಲು ನೋಡಿದೆ, ಅವಳು ಬಿಡಲಿಲ್ಲ.

"ನನ್ನ ತಮ್ಮನ ಕೈಲಿ ಕಳ್ಳ ಅನ್ನಿಸ್ಕೊಂಡು ಕೂತ್ರಲ್ರೀ. ಹಿಂಗಾಗಿದೆ ಅಂತ ಹೇಳೋದಕ್ಕೇನಾಗಿತ್ತು ನಿಮಗೆ?"

"ಗಂಟಿನ ಔಷಧಿ ನಿಲ್ಲಿಸ್ಬಿಟ್ರೆ?"

ಅವಳು ಅಳಲಿಲ್ಲ. ಹೋಗಿ ತಣ್ಣೀರು ತಂದು ಕಾಲಿಗೆ ಬಹಳ ಹೊತ್ತು ಹೊಯ್ದಳು. ನೀರು ತಣ್ಣಗಿತ್ತೆಂದು ಅವಳು ಹೇಳಿದ್ದರಿಂದ ಗೊತ್ತಾಯಿತು.

ಫೆಬ್ರವರಿ 24

ಈ ಸಲ ಬೆಂಗಳೂರಿಗೆ ತೀರ್ಥಮ್ಮನೂ ಬಂದಳು. ನಾನು ಬಾಯಿ ತೆರೆಯುವ ಮುಂಚೆಯೇ ಡಾಕ್ಟರಮ್ಮನ ಮುಂದೆ ಎಲ್ಲ ಹೇಳಿದಳು. ಚಪ್ಪಲಿ, ಗುಂಡಿ, ಇಟ್ಟಿಗೆ. ಬೆಳಗಿನ ಹೊತ್ತು ನಾನು ಬಯಲಿಗೆ ಹೋಗಿ ಬರಿದೇ ಬರುವ ವಿಷಯವನ್ನೂ ಬಿಡಲಿಲ್ಲ. ಅದೂ ಆ ಔಷಧಿಯದೇ ಕೆಲಸವಂತೆ, ಕರುಳಿನ ನರಕ್ಕೂ ಜೋಮು ಹಿಡಿಯುತ್ತದಂತೆ.

ಡಾಕ್ಟರಮ್ಮ ನನ್ನ ಕಣ್ಣು ಮುಚ್ಚಿಸಿ ಕಾಲಿನ ಹೆಬ್ಬೆರಳು ಹಿಡಿದು, "ಈಗ ಮೇಲಕ್ಕೋ ಕೆಳಕ್ಕೋ?" ಎಂದರು. ಧೈರ್ಯವಾಗಿ ಉತ್ತರ ಕೊಟ್ಟೆ. ಎಲ್ಲ ತಪ್ಪು. ಮೊಣಕಾಲಿಗೆ ಪುಟ್ಟ ಸುತ್ತಿಗೆಯಲ್ಲಿ ಬಡಿದರು. ಕಾಲು ತಾಲ್ಲೂಕು ಕಚೇರಿಯ ಗುಮಾಸ್ತನ ಹಾಗೆ ಅಲ್ಲಾಡಲೇ ಇಲ್ಲ.

"ನೀವು ಇಲ್ಲ ಅಂತ ಹೇಳಿದ್ದಕ್ಕೆ ನಾನು ಪೂರ್ತಿ ಔಷಧಿ ಕೊಟ್ಟೆ. ನಂಬಿದ್ದು ನಂದೇ ತಪ್ಪು. ಅವತ್ತೇ ಸುತ್ತಿಗೆ ತಗೋಬೇಕಿತ್ತು" ಎಂದರು.

"ಗಂಟು ವಾಪಸ್ ಬಂದ್ಬಿಟ್ರೆ ತಾಯಿ?"

"ಆ ಒಂದನ್ನ ಅರ್ಧ ಮಾಡ್ತೀನಿ. ಮಿಕ್ಕಿದ್ದು ಹಾಗೇ ಇರುತ್ತೆ. ಗಂಟಿನ ಚಿಂತೆ ನನಗೆ ಬಿಡಿ."

"ಬೆರಳು?"

"ನಿಧಾನಕ್ಕೆ ಬರುತ್ತೆ. ತಿಂಗಳುಗಟ್ಟಲೆ ಆಗುತ್ತೆ. ಪೂರ್ತಿ ಬರುತ್ತೆ ಅಂತ ಮಾತ್ರ ಮಾತು ಕೊಡಲ್ಲ."

ಸರಿಯಾದ ಹೆಣ್ಣುಮಗಳು. ಹಲ್ಲು ಉದುರಿದ ಎತ್ತನ್ನು ಪ್ರಾಯದ್ದು ಎಂದು ಮಾರುವವಳಲ್ಲ. ಆದರೂ ಅವರ ಬಾಯಿಂದ ಅಷ್ಟು ಹೊರಡಿಸಿದವಳು ತೀರ್ಥಮ್ಮ. ನಮ್ಮ ಪಕ್ಕದ ಬೆಂಚಿನವರಂತೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಫೆಬ್ರವರಿ 26

ಮಲಗುವಾಗ ತೆಗೆದುಕೊಳ್ಳಲು ಒಂದು ಸಣ್ಣ ಮಾತ್ರೆ ಬರೆದಿದ್ದಾರೆ, ಉರಿಗೆ. ಕಡೂರಿನ ಔಷಧಿ ಅಂಗಡಿಯವನು ಚೀಟಿ ನೋಡಿದ, ನನ್ನನ್ನು ನೋಡಿದ. "ಇದು ತಲೆ ಕೆಟ್ಟೋರಿಗೆ ಕೊಡೋದು. ಯಾರಿಗೆ?"

"ನನ್ನ ಭಾವಮೈದನಿಗೆ" ಎಂದೆ.

ಬಾಗಿಲ ಹೊರಗೆ ನಿಂತಿದ್ದ ತೀರ್ಥಮ್ಮನಿಗೆ ಕೇಳಿಸಿತು. ಒಳಗೆ ಬಂದು, "ಇವರಿಗೇ ಕೊಡಪ್ಪಾ. ನರಕ್ಕೆ ಅಂತ ಬರೆದವರೆ. ತಲೆಗೂ ಆದ್ರೆ ಒಳ್ಳೇದೇ" ಎಂದಳು.

ಮಾರ್ಚ್ 9

ಮನೆಯಲ್ಲಿ ಹೊಸ ಕಾನೂನು. ಅಮಲ್ದಾರರು ತೀರ್ಥಮ್ಮ.

ಸ್ನಾನದ ನೀರನ್ನು ಅವಳು ಮುಟ್ಟಿ ನೋಡಿದ ಮೇಲೆ ನಾನು ಮುಟ್ಟಬೇಕು. ಒಲೆಯ ಹತ್ತಿರ ಸುಳಿಯಬಾರದು. ಮನೆಯೊಳಗೂ ಕ್ಯಾನ್ವಾಸ್ ಬೂಟು. ಹಾಕುವ ಮುಂಚೆ ಅದನ್ನು ತಲೆಕೆಳಗು ಮಾಡಿ ಕೊಡವಬೇಕು. ಸಂಜೆ ದೀಪ ಹಚ್ಚಿದ ಮೇಲೆ ಕನ್ನಡಿ ಹಿಡಿದು ಅಂಗಾಲು ನೋಡುತ್ತಾಳೆ. ಮೊನ್ನೆ ಒಂದು ಗಾಜಿನ ಚೂರು ತೆಗೆದಳು. ಯಾವ ಊರಿಂದ ಹೊತ್ತು ತಂದಿದ್ದೆನೋ.

ರಾಗಿ ತುಂಬಿದ ಮೊರದಲ್ಲಿ ಹುಣಸೆ ಬೀಜ, ಅವರೆಕಾಳು ಬೆರೆಸಿ, ಕಣ್ಣು ಮುಚ್ಚಿ ಆರಿಸಿ ಎನ್ನುತ್ತಾಳೆ. ಡಾಕ್ಟರಮ್ಮ ಬೆರಳಿಗೆ ಕೆಲಸ ಕೊಡಿ ಎಂದಿದ್ದರಷ್ಟೆ. ರಾಗಿಯ ಉಪಾಯ ಇವಳದೇ. ಬೆಂಗಳೂರಿನಲ್ಲೂ ಇಂಥದ್ದು ಯಾರಿಗೂ ಹೊಳೆದಿರಲಾರದು.

ಇವತ್ತು, "ಟವೆಲ್ ವಿದ್ಯೆ ನನಗೂ ಹೇಳ್ಕೊಡ್ರೀ" ಎಂದಳು.

"ಅದು ದಲ್ಲಾಳಿ ಗುಟ್ಟು ಕಣೇ. ಹೆಂಗಸರಿಗೆ ಹೇಳಂಗಿಲ್ಲ."

"ಗುಟ್ಟಿಟ್ಕೊಂಡು ಹಿಮ್ಮಡಿ ಸುಟ್ಕೊಂಡಿದ್ದು ಸಾಕು."

ಹೇಳಿಕೊಟ್ಟೆ. ಜಗಲಿಯಲ್ಲಿ ಎದುರು ಬದುರು ಕುಳಿತು ಟವೆಲ್ ಹಾಕಿಕೊಂಡೆವು. ಅವಳು ಹಿಡಿದಳು. "ಮೂರು" ಎಂದೆ. "ಒಂದು" ಎಂದಳು. "ಎರಡು" ಎಂದೆ. "ನಾನಿನ್ನೂ ಹಿಡಿದೇ ಇಲ್ಲ" ಎಂದಳು. ಅಷ್ಟರಲ್ಲಿ ಎದುರು ಮನೆ ಈಶ್ವರಮ್ಮ ಹಾಲು ತರಲು ಹೊರಟವಳು ನಮ್ಮನ್ನು ಕಂಡು, "ಅಯ್ಯೋ ಶಿವನೇ, ಈ ವಯಸ್ಸಲ್ಲಿ ಹಗಲ್ಹೊತ್ತಲ್ಲಿ!" ಎಂದು ಸೆರಗು ಬಾಯಿಗಿಟ್ಟು ಓಡಿದಳು.

ತೀರ್ಥಮ್ಮ ಕೈ ಬಿಡಲಿಲ್ಲ. "ಆಡ್ಕೊಳ್ಲಿ. ಈಗ ಎಷ್ಟು?" ಎಂದಳು.

ಮಾರ್ಚ್ 22

ಕೆಟ್ಟ ದಿನ. ಉರಿ. ಮೊನ್ನೆಯ ಇಂಜೆಕ್ಷನ್ನಿನ ಪ್ರಭಾವವೋ ಏನೋ. ಹೊದಿಕೆ ತಾಗಿದರೂ ಬೆಂಕಿ. ತೀರ್ಥಮ್ಮ ಒದ್ದೆ ಬಟ್ಟೆ ಹಾಕಿದಳು, ತೆಗೆದಳು, ಹಾಕಿದಳು. ಅವಳ ಮೇಲೆ ರೇಗಿದೆ.

ಮಾರ್ಚ್ 27

ತೀರ್ಥಮ್ಮ ಅಜ್ಜಂಪುರಕ್ಕೆ ಹೊರಡಿ ಎಂದಳು. "ಹೇಳೋದು ನೀವು. ನಾನು ಬರೀ ಬರ್ತೀನಿ."

ಕಲ್ಲೇಶ ಹಟ್ಟಿಯಲ್ಲಿದ್ದ. ಎತ್ತು ಕಟ್ಟುತ್ತಿದ್ದ ಗೂಟಗಳು ಖಾಲಿ. ನಾನು ನಿಂತೇ ಹೇಳಿದೆ. ಔಷಧಿಯಿಂದ ನರ ಸತ್ತಿವೆ, ಅವತ್ತು ಕೈಗೆ ಏನೂ ತಿಳಿಯಲಿಲ್ಲ, ಮಾನಕ್ಕೆ ಅಂಜಿ ಕೈ ತಟ್ಟಿದೆ.

"ಕತೆ ಹೇಳ್ಬ್ಯಾಡಿ ಭಾವಾ. ನಿಮ್ಮ ಕತೆ ಕೇಳೇ ನಾನು ದೊಡ್ಡವನಾಗಿದ್ದು" ಎಂದ.

ಅಲ್ಲೂ ನನ್ನ ಖ್ಯಾತಿಯೇ ನನಗೆ ಅಡ್ಡ ಬಂತು. ಬೇಲಿಯಿಂದ ಒಂದು ಜಾಲಿಮುಳ್ಳು ಮುರಿದು ಅವನ ಕೈಗೆ ಕೊಟ್ಟು, ಮುಖ ತಿರುಗಿಸಿ ನಿಂತೆ. "ಯಾವ ಬೆರಳಿಗಾದ್ರೂ ಚುಚ್ಚು. ಯಾವುದಕ್ಕೆ ಅಂತ ನಾನು ಹೇಳಿದ್ರೆ ಸುಳ್ಳುಗಾರ."

ಬಹಳ ಹೊತ್ತು ಸುಮ್ಮನೆ ನಿಂತಿದ್ದ ಹಾಗೆ ನನಗೆ ಅನ್ನಿಸಿತು. "ಚುಚ್ಚೋ, ಏನು ಮುಹೂರ್ತ ನೋಡ್ತಿದೀಯಾ?" ಎಂದು ತಿರುಗಿದೆ. ಬೆರಳಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಕಲ್ಲೇಶ ಮುಳ್ಳು ಎಸೆದು ಹಟ್ಟಿಯ ಗೋಡೆ ಹಿಡಿದುಕೊಂಡಿದ್ದ.

ಚುಚ್ಚಿಸಿಕೊಂಡವನು ನಾನು, ಕಣ್ಣೀರು ಅವನದು.

ಮೇ 18

ಬಹಳ ದಿನ ಬರೆಯಲಿಲ್ಲ. ಬೆರಳಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ.

ಇಂಜೆಕ್ಷನ್ ಎಲ್ಲ ಮುಗಿದವು. ಗಂಟು ಕೈಗೆ ಸಿಗುವುದಿಲ್ಲ. ನನ್ನ ಕೈಗಂತೂ ಏನೂ ಸಿಗುವುದಿಲ್ಲ, ಡಾಕ್ಟರಮ್ಮನ ಕೈಗೂ ಸಿಗಲಿಲ್ಲ! ಹೆಬ್ಬೆರಳು, ತೋರುಬೆರಳು ಸ್ವಲ್ಪ ಎದ್ದಿವೆ, ಕಿರುಬೆರಳು ಇನ್ನೂ ಮಲಗಿದೆ. ಕಾಲು ಹಾಗೇ ಇದೆ. ನಿನ್ನೆ ರಾಗಿಯಲ್ಲಿ ಅವರೆಕಾಳು ಸಿಕ್ಕಿತು. ತೀರ್ಥಮ್ಮ ಅದನ್ನು ಬೇಯಿಸದೆ ತೆಗೆದಿಟ್ಟಿದ್ದಾಳೆ. ಇಂಥ ಹೆಂಗಸು ಕಡೂರು ತಾಲ್ಲೂಕಿನಲ್ಲಿ ಇನ್ನೊಬ್ಬಳಿಲ್ಲ ಎಂದು ಬಸ್ಸಿನಲ್ಲಿ ಪಕ್ಕದವನಿಗೆ ಹೇಳಿದೆ. ಅವನು ಎದ್ದು ಬೇರೆ ಸೀಟಿಗೆ ಹೋದ.

ಜೂನ್ 10

ತರೀಕೆರೆ ಸಂತೆ. ಕಲ್ಲೇಶ ಹೊಸ ಜೋಡಿ ಕೊಳ್ಳಬೇಕು, ಮಳೆ ಬಂದಿದೆ. "ಭಾವಾ, ನೀವೇ ನಿಲ್ಲಿ" ಎಂದ. ನಾನು ಬೇಡ ಎಂದೆ. "ಬೆರಳು ಸತ್ತರೆ ಕಣ್ಣು ಸತ್ತಿದ್ಯಾ? ಗೊರಸು ನೋಡಕ್ಕೆ, ಸುಳಿ ನೋಡಕ್ಕೆ ನಂಗೆ ಇನ್ಯಾರವ್ರೆ?" ಎಂದು ಎಳೆದುಕೊಂಡು ಹೋದ.

ಒಪ್ಪಿದ ಜೋಡಿಯ ಮಾರುವ ಕಡೆಗೆ ನಿಂತಿದ್ದವನು ಜವರಯ್ಯ! ಅವನು ಟವೆಲ್ ಕೊಡವಿದ. ಸುತ್ತ ಜನ ಸೇರಿದರು. ನಮ್ಮಿಬ್ಬರ ಕತೆ ಎಲ್ಲರಿಗೂ ಗೊತ್ತು. ಕೈ ಮುಂದೆ ಮಾಡಿದ. ನಾನು ನನ್ನ ಕೈ ಹಿಂದಕ್ಕೆ ಕಟ್ಟಿಕೊಂಡೆ.

"ಬಾಯಲ್ಲಿ ಹೇಳು ಜವರಯ್ಯ. ನನ್ನ ಬೆರಳಿಗೆ ಕಿವಿ ಕೇಳಲ್ಲ. ಕ್ಯಾನ್ಸರ್ ಔಷಧಿ ನರ ತಿಂದಿದೆ. ಅವತ್ತು ಕಲ್ಲೇಶನ ಎತ್ತಿನ ದಿನವೂ ನಂಗೇನೂ ತಿಳೀಲಿಲ್ಲ. ಯಾರೂ ಯಾರಿಗೂ ಮೋಸ ಮಾಡಿಲ್ಲ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಕಲ್ಲೇಶ ತಿರುಗಿ ನೋಡಿದ, ಆ ನಗು ಅಲ್ಲೇ ನಿಂತಿತು.

ಜವರಯ್ಯ ನನ್ನನ್ನೇ ನೋಡಿದ. ನನ್ನ ತೋಳು ಹಿಡಿದು ಬೇವಿನ ಮರದ ಆಚೆಗೆ ಕರೆದುಕೊಂಡು ಹೋದ. ಕಲ್ಲೇಶನೂ ಹಿಂದೆ ಬಂದ.

"ಪಂಚಾಕ್ಷರೀ, ನಿಂಗೆ ಕಾಲೂ ಉರಿಯುತ್ತೇನೋ?"

"ಮೆಣಸಿನಕಾಯಿ ಅರೆದು ಮೆತ್ತಿದಂಗೆ."

"ನಂಗೂ ಕಣೋ" ಎಂದ. ಧ್ವನಿ ಕೆಳಗಿತ್ತು. "ಸಕ್ಕರೆ ಕಾಯಿಲೆ. ಮೂರು ವರ್ಷ ಆಯ್ತು. ಬೆರಳೂ ಹಂಗೇ. ಮನೇಲಿ ಕಾಶಮ್ಮಂಗೂ ಹೇಳಿಲ್ಲ."

"ಹಂಗಾದ್ರೆ ಅವತ್ತು ನೀನು ಎರಡು ಹಿಡಿದೆ ಅಂತ ನಮ್ಮಪ್ಪನ ಮೇಲೆ ಆಣೆ ಹಾಕಿದ್ಯಲ್ಲೋ?"

"ಎರಡು ಹಿಡೀಬೇಕು ಅಂತ ಇದ್ದೆ. ಎಷ್ಟು ಹಿಡಿದ್ನೋ ಶಿವನೇ ಬಲ್ಲ."

"ನಿಮ್ಮಪ್ಪನ ಮೇಲೆ ಹಾಕ್ಬೇಕಿತ್ತು."

"ಧೈರ್ಯ ಬರ್ಲಿಲ್ಲ."

ಕಲ್ಲೇಶ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. "ಕಣ್ಣಾರೆ ಕಂಡು ಇಬ್ರು ಕುರುಡರ ಕೈಗೆ ಎತ್ತು ಕೊಟ್ಟಿದ್ದೆನಲ್ಲಪ್ಪಾ!" ಎಂದು ನಗಲು ಶುರು ಮಾಡಿದ. ಅವನ ನಗು ನಿಲ್ಲಲಿಲ್ಲ, ನಮಗೂ ಹತ್ತಿತು. ಆಚೆ ಜನಕ್ಕೆ ಏನು ಅನ್ನಿಸಿತೋ. ಮರದ ಆಚೆಯೇ ಬಾಯಲ್ಲಿ ಬೆಲೆ ಮಾತಾಡಿಕೊಂಡು ಮುಗಿಸಿದೆವು.

ಜವರಯ್ಯ ಹೊರಟಾಗ ನೋಡಿದೆ, ಬರಿಗಾಲು. ಕರೆದು ಹೇಳಿದೆ, "ನಾಳಿದ್ದು ನಮ್ಮನೆಗೆ ಬಾ. ಕಾಶಮ್ಮನ್ನೂ ಕರ್ಕೊಂಡು ಬಾ. ತೀರ್ಥಮ್ಮನಿಗೆ ಗೊತ್ತಿರೋದು ಆಸ್ಪತ್ರೇಲೂ ಗೊತ್ತಿಲ್ಲ."

ಜೂನ್ 12

ಬಂದರು. ಇಪ್ಪತ್ತು ವರ್ಷದಲ್ಲಿ ಜವರಯ್ಯ ನಮ್ಮ ಹೊಸಿಲು ತುಳಿದದ್ದು ಇದೇ ಮೊದಲು. ಕಾಶಮ್ಮ ಗಟ್ಟಿ ಹೆಂಗಸು. ವಿಷಯ ಕೇಳಿದ ಕೂಡಲೇ ಗಂಡನ ಕಡೆ ತಿರುಗಿ, "ಮೂರು ವರ್ಷ ಬಾಯಲ್ಲಿ ಕಡುಬಿತ್ತಾ?" ಎಂದಳು.

ತೀರ್ಥಮ್ಮ ನಮ್ಮಿಬ್ಬರನ್ನೂ ಜಗಲಿಯ ಮೇಲೆ ಕೂರಿಸಿ, ಕಾಲು ಚಾಚಿ ಎಂದಳು. ನನ್ನ ಕಾಲು ಹಿಡಿದು ಕಾಶಮ್ಮನಿಗೆ ತೋರಿಸಿದಳು. ಎಲ್ಲಿ ಕೆಂಪು ನೋಡಬೇಕು, ಬೆರಳ ಸಂದಿ ಹೇಗೆ ಒರೆಸಬೇಕು, ಕನ್ನಡಿ ಹೇಗೆ ಹಿಡಿಯಬೇಕು. ಕಾಶಮ್ಮ ಗಂಡನ ಕಾಲೆತ್ತಿ ನೋಡಿದಳು. ಹೆಬ್ಬೆರಳ ಕೆಳಗೆ ಕೀವು ಕಟ್ಟಿದ ಗಾಯ, ಒಳಗೆ ಮುರಿದ ಮುಳ್ಳು. ಅವಳು ಅದನ್ನು ಕೀಳಲು ಕೈ ಹಾಕಿದಳು. ತೀರ್ಥಮ್ಮ, "ಇದು ನಾವು ಕೀಳೋದಲ್ಲ ಕಣಕ್ಕಾ. ನಾಳೆ ಬೆಳಿಗ್ಗೆ ಕಡೂರು ಆಸ್ಪತ್ರೆಗೆ ಹೋಗಿ. ನಾನೂ ಬತ್ತೀನಿ. ನಿಮ್ಮ ಯಜಮಾನ್ರು ಡಾಕ್ಟರ ಮುಂದೆ ಏನೂ ಇಲ್ಲ ಅಂದ್ಬಿಟ್ಟಾರು" ಎಂದಳು.

"ಇವಳೇನೋ ನಿನ್ನ ಹತ್ರ ಜಗಲಿ ಮೇಲೆ ಟವೆಲ್ ವಿದ್ಯೆ ಕಲಿತೋಳು?" ಎಂದು ಜವರಯ್ಯ ನನ್ನ ಕಿವಿಯಲ್ಲಿ ಕೇಳಿದ. ಈಶ್ವರಮ್ಮ ಆ ಸುದ್ದಿಯನ್ನು ತರೀಕೆರೆಯವರೆಗೆ ಮುಟ್ಟಿಸಿದ್ದಾಳೆ.

"ಅವಳೇ. ಅವಳ ಹಿಡಿತದ ಮುಂದೆ ನಿನ್ನದೂ ಇಲ್ಲ, ನನ್ನದೂ ಇಲ್ಲ" ಎಂದೆ.

ಇಬ್ಬರು ಹೆಂಗಸರೂ ನಮ್ಮ ಕಾಲುಗಳನ್ನು ಬೆಳಕಿಗೆ ತಿರುಗಿಸಿ, ಹಿಮ್ಮಡಿ ಒತ್ತಿ, ಬೆರಳು ಬಿಡಿಸಿ, ಅದು ಹೀಗಿದೆ, ಇದು ಹಾಗಿದೆ ಎಂದು ಮಾತಾಡಿಕೊಂಡರು. ಎತ್ತಿನ ಗೊರಸು ನೋಡುವ ಹಾಗೇ ಇತ್ತು. ಎಂಥ ಸಂತೆಯನ್ನೂ ಬಾಯಲ್ಲಿ ಗೆದ್ದು ಬಂದ ಇಬ್ಬರು ದಲ್ಲಾಳಿಗಳು ಬಾಲ ಮುದುರಿಕೊಂಡು ಕುಳಿತಿದ್ದೆವು.

ನಮ್ಮ ಬೆಲೆಯನ್ನು ಮಾತ್ರ ಯಾರೂ ಕೇಳಲಿಲ್ಲ.